ಕೌದಿಯ ಹೊಟ್ಟೆ

“ಅಜ್ಜಾರೇ, ಹಿರಿಯರ ಕೈಕೆಲಸವನ್ನು ತಂದು ಹೊಸ ಕಟ್ಟಡದಲ್ಲಿ ಇಟ್ಟರೆ ಅದು ಉಳಿದಂತೆಯೋ, ಅಳಿದಂತೆಯೋ?”

ಮಠದ ಗುರುಗಳನ್ನು ಹೀಗೆ ಕೇಳಿದವನು ಮುರಿಗೆಯ್ಯ, ಆರು ವರ್ಷದಿಂದ ಅಲ್ಲಿರುವ ಶಿಷ್ಯ. ಭಕ್ತರೊಬ್ಬರು ಮಠಕ್ಕೆ ಅತಿಥಿಗೃಹ ಕಟ್ಟಿಸಿಕೊಡಲು ಮುಂದೆ ಬಂದಿದ್ದರು. ದೂರದಿಂದ ಬರುವ ದೊಡ್ಡವರು ಇಳಿದುಕೊಳ್ಳಲು ಹನ್ನೆರಡು ಕೋಣೆ. ಒಳಗೆ ಸಕಲ ಸೌಕರ್ಯವಿರಬೇಕು, ನೋಡಲು ಮಾತ್ರ ಹಳೆಯ ಮಠದಂತೆಯೇ ಇರಬೇಕು ಎಂಬುದು ಅವರ ಆಸೆ. ಮಠದ ಹಿಂಬದಿಯ ಪಾಳುಕೋಣೆಗಳಿಗೆ ಇದ್ದ ಕೆತ್ತನೆಯ ಬಾಗಿಲುಗಳನ್ನು ಬಿಚ್ಚಿ ಅಲ್ಲಿ ಕೂರಿಸಿರಿ ಎಂದು ಊರ ಹಿರಿಯರೊಬ್ಬರು ಹೇಳಿದ್ದರು. ಅವು ಇದ್ದಲ್ಲೇ ಇರಲಿ, ನೋಡಿಕೊಂಡು ಹೊಸವು ಮಾಡಿಸಿರಿ ಎಂದು ಇನ್ನೊಬ್ಬರು. ಒಬ್ಬರ ಮಾತು ಕೇಳಿದಾಗ ಅದೇ ಸರಿ, ಇನ್ನೊಬ್ಬರು ಮಾತಾಡಿದಾಗ ಅದೂ ಸರಿ. ಮುರಿಗೆಯ್ಯನಿಗೆ ತಲೆ ಕೆಟ್ಟುಹೋಗಿತ್ತು.

ಅಂದು ಬೆಳಿಗ್ಗೆಯೇ ಪಕ್ಕದೂರಿನ ಮುದುಕ ಬಡಗಿಯನ್ನು ಕರೆಸಿ ಬಾಗಿಲುಗಳ ಅಳತೆ ತೆಗೆಸಿದ್ದ. ಆ ಬಾಗಿಲುಗಳನ್ನು ಕೆತ್ತಿದವನು ಈ ಬಡಗಿಯ ಅಜ್ಜನೇ. ಅವನು ಹೊರಗೆ ಕಟ್ಟೆಯ ಮೇಲೆ ಕಾದಿದ್ದಾನೆ, ತಾವು ಒಂದು ಮಾತು ಹೇಳಿದರೆ ಕೆಲಸ ಹಿಡಿಸುತ್ತೇನೆ ಎಂದು ಮುರಿಗೆಯ್ಯ ನಕ್ಷೆಯನ್ನು ಮುಂದಿಟ್ಟ.

ಗುರುಗಳು ನಕ್ಷೆಯನ್ನು ಒಮ್ಮೆ ನೇರ ಹಿಡಿದು, ಒಮ್ಮೆ ಅಡ್ಡ ಹಿಡಿದು ನೋಡಿದರು. ಮಡಚಿ ಅವನ ಕೈಗೇ ಕೊಟ್ಟರು.

“ಕೂತುಕೋ. ಒಂದು ಕತೆ ಹೇಳುತ್ತೇನೆ. ಅದರಿಂದ ನಿನ್ನ ಗೊಂದಲ ಹೋಗುತ್ತದೆಂದು ನನಗೇನೂ ಭರವಸೆಯಿಲ್ಲ. ಇನ್ನಷ್ಟು ಆದರೆ ನನ್ನನ್ನು ಬೈಯಬೇಡ” ಎಂದು ಹೇಳತೊಡಗಿದರು.

ಒಬ್ಬ ವ್ಯಾಪಾರಿ ಇದ್ದ. ಹಳೆಯ ಕೋಟೆಯೊಂದರ ಎದುರು ಗುಡ್ಡದ ಮೇಲೆ ನಲವತ್ತು ಕೋಣೆಗಳ ಭಾರಿ ಹೋಟೆಲು ಕಟ್ಟಿಸಿದ. ಅವನ ಹೆಸರು ಕೇಳಬೇಡ, ಹೇಳಿದರೆ ನೀನು ಕತೆ ಬಿಟ್ಟು ಹೋಟೆಲು ನೋಡಲು ಹೊರಡುತ್ತೀಯೆ. ದೇಶವೆಲ್ಲ ಸುತ್ತಿದವನು ಅವನು. ಎಲ್ಲಿ ಹೋದರೂ ಅದೇ ಹಾಸಿಗೆ, ಅದೇ ಗೋಡೆ, ಅದೇ ದೀಪ. ಬೆಳಿಗ್ಗೆ ಕಣ್ಣು ಬಿಟ್ಟರೆ ಯಾವ ಊರಿನಲ್ಲಿ ಮಲಗಿದ್ದೇನೆಂದು ತಿಳಿಯುತ್ತಿರಲಿಲ್ಲವಂತೆ. ತನ್ನ ಹೋಟೆಲಿನಲ್ಲಿ ಯಾರಿಗೂ ಹಾಗಾಗಬಾರದು ಎಂದುಕೊಂಡ. ಒಳಗಿನ ಅಂದಚಂದ ನೋಡಿಕೊಳ್ಳಲು ಒಬ್ಬ ವಿನ್ಯಾಸಗಾರ್ತಿಯನ್ನು ಕರೆಸಿದ. ಬಂದವರು ಎದ್ದ ಕೂಡಲೇ ತಾವು ಈ ಸೀಮೆಯಲ್ಲಿ ಇದ್ದೇವೆ ಎಂದು ಗೊತ್ತಾಗಬೇಕು, ಹಾಗೆ ಮಾಡಿಕೊಡು ಎಂದ.

ವಿನ್ಯಾಸಗಾರ್ತಿ ಒಳ್ಳೆಯವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕತೆ ಶುರುವಾದ ಕೂಡಲೇ ಅದರಲ್ಲಿ ಕೆಟ್ಟವರು ಯಾರೆಂದು ಹುಡುಕುವ ಚಾಳಿ ನಿನಗಿದೆ. ಅವಳು ಪುಸ್ತಕದ ಚಿತ್ರ ನೋಡಿ ಗೀಚುವವಳಾಗಿರಲಿಲ್ಲ. ಮೂರು ತಿಂಗಳು ಹಳ್ಳಿ ಹಳ್ಳಿ ತಿರುಗಿದಳು. ನೆಲದ ಮೇಲೆ ಕೂತು ಮಾತಾಡಿಸಿದಳು, ಕೊಟ್ಟ ಚಹಾ ಕುಡಿದಳು, ಕೇಳಿದ್ದನ್ನೆಲ್ಲ ಬರೆದುಕೊಂಡಳು. ಮನೆ ಕೆಡವುವವರಿಂದ ಕಂಬಗಳನ್ನು ಕೊಂಡು ತಂದು, ಹೋಟೆಲಿನ ಪಡಸಾಲೆಯಲ್ಲಿ ನಿಲ್ಲಿಸಿ, ಸುತ್ತ ಹಳ್ಳಿಯ ಮನೆಯಂತೆಯೇ ಕಟ್ಟೆ ಕಟ್ಟಿಸಿದಳು. ಕಾಳು ಅಳೆಯುವ ಕೊಳಗವನ್ನು ಬೋರಲು ಹಾಕಿ ದೀಪ ಮಾಡಿದಳು. ಖಾರ ಕುಟ್ಟುವ ಒಳಕಲ್ಲನ್ನು ಎತ್ತರಕ್ಕೆ ಕೂರಿಸಿ, ಮೇಲೊಂದು ನಲ್ಲಿ ಇಟ್ಟು, ಕೈ ತೊಳೆಯಲು ಅಣಿ ಮಾಡಿದಳು. ಕೆಲಸಕ್ಕೆ ಬರುತ್ತಿದ್ದ ಹಳ್ಳಿಯ ಹೆಂಗಸರಿಗೆ ಏನೂ ತಿಳಿಯದಾಯಿತು. ಬಚ್ಚಲಿನಲ್ಲಿ ಕೂತು ಖಾರ ಕುಟ್ಟುವವರು ಎಂಥ ಜನವೋ ಎಂದು ಅವರು ತಮ್ಮತಮ್ಮಲ್ಲೇ ಮಾತಾಡಿಕೊಂಡರು.

ಎಲ್ಲ ಆದ ಮೇಲೆ ಹಾಸಿಗೆಗಳು ಉಳಿದವು. ಒಂದೊಂದು ಹಾಸಿಗೆಯ ಮೇಲೆ ಹೊದೆಯಲು ಒಂದೊಂದು ಕೌದಿ ಇರಬೇಕು ಎಂದು ವಿನ್ಯಾಸಗಾರ್ತಿ ನಿಶ್ಚಯಿಸಿದಳು. ಕೌದಿ ಹೊಲಿಯುವುದರಲ್ಲಿ ಆ ಸೀಮೆಗೇ ಹೆಸರಾದ ಒಬ್ಬ ಮುದುಕಿಯನ್ನು ಹುಡುಕಿಕೊಂಡು ಹೋದಳು.

ಈಗ ನೀನು ಆ ಕಡೆಯ ಒಂದು ಕ್ರಮ ತಿಳಿದುಕೊಳ್ಳಬೇಕು. ಕೌದಿ ಬೇಕಾದ ಮನೆಯವರು ತಮ್ಮ ಹಳೆಯ ಸೀರೆ, ಧೋತರ ಎಲ್ಲ ಗಂಟು ಕಟ್ಟಿಟ್ಟು ಹೊಲಿಯುವವಳನ್ನು ಕರೆಯುತ್ತಾರೆ. ಅವಳು ಅವರ ಅಂಗಳದಲ್ಲಿ ಕೂತು ಹೊಲಿಯುತ್ತಾಳೆ. ಎಲ್ಲ ಮುಗಿದರೂ ಕೊನೆಯ ಒಂದು ಮೂಲೆಯನ್ನು ಮಾತ್ರ ಹೊಲಿಯದೆ ಬಿಡುತ್ತಾಳೆ. ಆಗ ಆ ಮನೆಯ ಹೆಂಗಸು ಅಂಗೈ ಅಗಲದ ಒಂದು ಪುಟ್ಟ ರೊಟ್ಟಿ ಬಡಿದು ತಂದು ಎರಡು ತುಂಡು ಮಾಡುತ್ತಾಳೆ. ಒಂದು ತುಂಡು ಆ ಮೂಲೆಯೊಳಗೆ. ಅದು ಕೌದಿಯ ಹೊಟ್ಟೆ, ಅದು ಬರಿದಾಗಿ ಇರಬಾರದು. ಇನ್ನೊಂದು ತುಂಡನ್ನು ಮನೆಯವಳು ಹೊಲಿದವಳ ಕೈಗೆ ಇಡುತ್ತಾಳೆ. ಹೊಲಿದವಳು ತಾನಾಗಿ ತೆಗೆದುಕೊಂಡು ತಿನ್ನುವಂತಿಲ್ಲ, ಮನೆಯವರೇ ಕೊಡಬೇಕು. ಅದನ್ನು ತಿಂದು, ನೀರು ಕುಡಿದು, ಆಮೇಲೆ ಅವಳು ಆ ಮೂಲೆಯನ್ನು ಹೊಲಿದು ಏಳುತ್ತಾಳೆ. ವರ್ಷ ಕಳೆದ ಮೇಲೆ ಒಂದು ದಿನ ಬಂದು ಬಿಚ್ಚಿದ ಹೊಲಿಗೆ ಇದ್ದರೆ ಹಾಕಿಕೊಟ್ಟು ಹೋಗುತ್ತಾಳೆ.

ವಿನ್ಯಾಸಗಾರ್ತಿ ನಲವತ್ತು ಕೌದಿ ಬೇಕು ಎಂದಾಗ ಮುದುಕಿ ಬೆರಗಾಗಿ ಅವಳನ್ನೇ ನೋಡಿದಳು.

“ಹೊಚ್ಚಿಕೊಳ್ಳಾವರು ಯಾರು, ತಂಗಿ?”

“ದಿನಾ ಬೇರೆಬೇರೆಯವರು ಅಜ್ಜಿ. ಯಾರು ಬರ್ತಾರೋ ಅವರು.”

“ಹಂಗಾರ ಮನಿ ಯಾರದು?”

ಮನೆ ವ್ಯಾಪಾರಿಯದು. ಅವನು ಅಲ್ಲಿ ಮಲಗುವುದಿಲ್ಲ. ಮಲಗುವವರಿಗೆ ಅದು ಮನೆಯಲ್ಲ. ವಿನ್ಯಾಸಗಾರ್ತಿ ಹೇಗೆ ಹೇಗೆ ಬಿಡಿಸಿ ಹೇಳಿದರೂ ಮುದುಕಿಗೆ ತಿಳಿಯಲಿಲ್ಲ. ಹೇಳುತ್ತ ಹೇಳುತ್ತ ವಿನ್ಯಾಸಗಾರ್ತಿಗೂ ತಿಳಿಯದಾಯಿತು. ಕೊನೆಗೆ ಮುದುಕಿ, ಇರಲಿ ಬಿಡು, ನೀನು ಬಂದು ಕೇಳಿದ್ದೀ, ನೀನೇ ಮನೆಯವಳು ಎಂದು ಒಪ್ಪಿಕೊಂಡಳು.

ಹೊಸ ಬಟ್ಟೆ ಬೇಡ, ಉಟ್ಟು ಮೆತ್ತಗಾದದ್ದೇ ಬೇಕು ಎಂದಳು ಮುದುಕಿ. ವಿನ್ಯಾಸಗಾರ್ತಿ ಊರೂರಿನ ಹೆಂಗಸರಿಗೆ ಹೊಸ ಸೀರೆ ಕೊಟ್ಟು ಹಳೆಯದನ್ನು ಕೂಡಿಸಿ ತಂದಳು. ಮುದುಕಿ ಮತ್ತು ಅವಳ ಓಣಿಯ ನಾಲ್ವರು ಎಂಟು ತಿಂಗಳು ಕೂತು ಹೊಲಿದರು. ಮೂಲೆ ಮುಚ್ಚುವ ದಿನ ಬಂತು. ಹೋಟೆಲಿನ ಅಡುಗೆಯವನಿಂದ ರೊಟ್ಟಿ ಮಾಡಿಸಿ ಕಳಿಸುತ್ತೇನೆ ಎಂದರೆ ಮುದುಕಿ ಬೇಡವೆಂದಳು. ಮನೆಯವಳು ನೀನಲ್ಲವೇ, ನೀನೇ ಬಡಿ ಎಂದಳು. ಹುಟ್ಟಿದಾಗಿನಿಂದ ಒಲೆಯ ಮುಂದೆ ಕೂರದವಳು ಅಂದು ಮುದುಕಿಯ ಒಲೆಯ ಮುಂದೆ ಕೂತಳು. ಹಿಟ್ಟು ಹರಿಯಿತು, ಕೈ ಸುಟ್ಟಿತು, ಒಂದು ರೊಟ್ಟಿಯೂ ದುಂಡಗಾಗಲಿಲ್ಲ. ಓಣಿಯ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೂ ಅವಳು ನಲವತ್ತು ರೊಟ್ಟಿ ಬಡಿದಳು, ನಲವತ್ತನ್ನೂ ಮುರಿದಳು, ಅರ್ಧ ಕೌದಿಗೆ ಇಟ್ಟು ಅರ್ಧವನ್ನು ಹೊಲಿದವರ ಕೈಗೆ ಕೊಟ್ಟಳು. ಅಂದು ಅವಳಿಗೆ ಆದ ಸಂತೋಷ ಹೋಟೆಲು ಮುಗಿದ ದಿನವೂ ಆಗಲಿಲ್ಲವಂತೆ.

ಈ ಕ್ರಮವನ್ನೆಲ್ಲ ಒಂದು ಚೀಟಿಯಲ್ಲಿ ಚೆಂದವಾಗಿ ಅಚ್ಚು ಹಾಕಿಸಿ ಒಂದೊಂದು ಹಾಸಿಗೆಯ ಮೇಲೂ ಇಡಿಸಿದಳು. ಬಂದವರು ಚೀಟಿ ಓದಿ, ಕೌದಿಯ ಮೂಲೆಯನ್ನು ಮುಟ್ಟಿ ನೋಡುತ್ತಿದ್ದರು.

ಎರಡು ತಿಂಗಳಾಗಿರಲಿಲ್ಲ, ಹಾಸಿಗೆಗೆ ಇರುವೆ ಬಂದವು. ಮೊದಲು ಒಂದು ಕೋಣೆಗೆ, ಆಮೇಲೆ ಒಂದು ಸಾಲಿಗೆ. ಒಗೆಯಲು ಹಾಕಿದರೆ ಮೂಲೆಯಿಂದ ಹಳಸಿದ ವಾಸನೆ ಬಂತು. ಇಳಿದುಕೊಂಡವರು ದೂರು ಹೇಳಿದರು. ಮೂಲೆಗಳನ್ನು ಕತ್ತರಿಸಿ ಒಳಗಿದ್ದದ್ದನ್ನು ತೆಗೆಯಬೇಕು, ಇಲ್ಲವೇ ಕೌದಿಗಳನ್ನೇ ತೆಗೆಯಬೇಕು ಎಂದು ವ್ಯಾಪಾರಿ ಹೇಳಿದ. ಅವನ ಮಾತಿನಲ್ಲಿ ತಪ್ಪೇನಿದೆ, ನಿನ್ನ ಹಾಸಿಗೆಗೆ ಇರುವೆ ಬಂದರೆ ನೀನು ಸುಮ್ಮನಿರುತ್ತೀಯಾ?

ವಿನ್ಯಾಸಗಾರ್ತಿ ಎರಡು ದಿನ ಊಟ ಬಿಟ್ಟು ಯೋಚಿಸಿದಳು. ಕೌದಿ ತೆಗೆದರೆ ಮುದುಕಿಯ ಎಂಟು ತಿಂಗಳ ಕೆಲಸ ಮೂಲೆಗೆ ಬೀಳುತ್ತದೆ. ರೊಟ್ಟಿ ತೆಗೆದರೆ ಕೊಟ್ಟ ಮಾತು ಹೋಗುತ್ತದೆ. ಕೊನೆಗೊಂದು ದಾರಿ ಹೊಳೆಯಿತು. ರೊಟ್ಟಿ ತೆಗೆಸಿದಳು. ದಪ್ಪ ಬಟ್ಟೆಯನ್ನು ಅರ್ಧ ರೊಟ್ಟಿಯ ಆಕಾರಕ್ಕೇ ಕತ್ತರಿಸಿ, ಮಡಿಸಿ ಒಳಗಿಟ್ಟು, ಮುದುಕಿಯ ಹೊಲಿಗೆಯಂತೆಯೇ ಹೊಲಿಸಿದಳು. ಮುಟ್ಟಿದರೆ ರೊಟ್ಟಿಯೇ ಅನ್ನಬೇಕು. ಅವಳಿಗೆ ನಾಚಿಕೆಯೂ ಆಯಿತು, ಜಾಣತನಕ್ಕೆ ಹೆಮ್ಮೆಯೂ ಆಯಿತು. ಚೀಟಿ ಮಾತ್ರ ಹಾಗೆಯೇ ಉಳಿಯಿತು.

ಮುರಿಗೆಯ್ಯಾ, ಇಲ್ಲಿಂದ ನನಗೂ ಗೊಂದಲ. ಯಾಕೆಂದರೆ ಆ ಬಟ್ಟೆಯ ರೊಟ್ಟಿ ಕೆಲಸ ಮಾಡಿತು. ಒಬ್ಬ ವಯಸ್ಸಾದ ಗೃಹಸ್ಥ ಚೀಟಿ ಓದಿ, ಮೂಲೆಯನ್ನು ಒತ್ತಿ ನೋಡಿ, ಸತ್ತುಹೋದ ತನ್ನ ತಾಯಿಯನ್ನು ನೆನೆದು ಅತ್ತನಂತೆ. ಮಾರನೆಯ ದಿನವೇ ಊರಿಗೆ ಹೋಗಿ, ಮಾತು ಬಿಟ್ಟಿದ್ದ ತಮ್ಮನ ಮನೆಯಲ್ಲಿ ಉಂಡನಂತೆ. ಹುಸಿ ರೊಟ್ಟಿಯಿಂದ ನಿಜವಾದ ಊಟ ಆಯಿತಲ್ಲ, ಇದಕ್ಕೆ ಏನು ಹೇಳುತ್ತೀ?

ಗುರುಗಳು ಕತೆ ತಡೆದು ಹೊರಗೆ ಕಿವಿಗೊಟ್ಟರು. ದಾಸೋಹದ ಗಂಟೆ ಬಾರಿಸಿತು. ಅಂಗಳದಲ್ಲಿ ಊಟಕ್ಕೆ ಹೋಗುವವರ ಸಪ್ಪಳ ಕೇಳಿ ನಿಂತಿತು. ಮುರಿಗೆಯ್ಯ ಅತ್ತ ಗಮನ ಕೊಡಲಿಲ್ಲ. ಮುಂದೇನಾಯಿತೆಂದು ಕೇಳಿದ.

ವರ್ಷ ತುಂಬಿತು. ಮುದುಕಿ ಸೂಜಿ ದಾರ ಗಂಟು ಕಟ್ಟಿಕೊಂಡು, ದಾರಿಗೆ ಬುತ್ತಿ ಕಟ್ಟಿಕೊಂಡು ಹೊಲಿಗೆ ನೋಡಲು ಹೊರಟಳು. ಬಸ್ಸಿಳಿದು ಗುಡ್ಡ ಹತ್ತಿದಳು. ಬಾಗಿಲು ಕಾಯುವವನು ಯಾರು ಬೇಕೆಂದು ಕೇಳಿದ. ಒಳಗೆ ತನ್ನ ಕೌದಿಗಳಿವೆ ಎಂದಳು. ಅವನಿಗೆ ಏನೂ ಅರ್ಥವಾಗದೆ ಒಳಗೆ ಫೋನು ಮಾಡಿದ. ಒಳಗಿನವರು ವಿನ್ಯಾಸಗಾರ್ತಿಗೆ ತಿಳಿಸಿದರು. ಅವಳು ವ್ಯಾಪಾರಿಯ ಜೊತೆ ಸಭೆಯಲ್ಲಿದ್ದಳು. ಇನ್ನೊಂದು ಊರಿನಲ್ಲಿ ಇಂಥದೇ ಹೋಟೆಲು ಮಾಡುವ ಮಾತು ನಡೆದಿತ್ತು. ಕೌದಿಯ ವಿಷಯಕ್ಕೆ ಯಾರೋ ಬಂದಿದ್ದಾರೆ ಎಂದಷ್ಟೇ ಕೇಳಿ, ಮರ್ಯಾದೆಯಿಂದ ಕೂರಿಸಿರಿ, ಬರುತ್ತೇನೆ ಎಂದಳು.

ಪಡಸಾಲೆಯ ಕಟ್ಟೆಯ ಮೇಲೆ ಕೂರಿಸಿದರು. ಅದೇ, ಹಳ್ಳಿಯ ಮನೆಯಂತೆ ಕಟ್ಟಿಸಿದ ಕಟ್ಟೆ. ಮುದುಕಿಗೆ ಅಲ್ಲಿ ಕೂತರೆ ತನ್ನ ಊರಿನಲ್ಲೇ ಕೂತ ಹಾಗಾಯಿತು. ಆದರೆ ಎದುರಿಗೆ ಓಡಾಡುವವರು ಯಾರೂ ಊರಿನವರಲ್ಲ. ಪಕ್ಕದಲ್ಲಿ ಒಂದು ಕೌದಿಯನ್ನು ಮಡಿಸಿ ಇಟ್ಟಿದ್ದರು. ತನ್ನದೇ ಕೈ. ಅಂಚಿನಲ್ಲಿ ಹೊಲಿಗೆ ಬಿಚ್ಚಿತ್ತು. ಸುಮ್ಮನೆ ಕೂರುವುದೇಕೆಂದು ಸೂಜಿಗೆ ದಾರ ಪೋಣಿಸಿದಳು.

ಹೋಟೆಲಿನಲ್ಲಿ ಇಳಿದುಕೊಂಡವರು ನೋಡಿದರು. ಇಂಥ ಕಟ್ಟೆಯ ಮೇಲೆ ಇಂಥ ಮುದುಕಿ, ಕೈಯಲ್ಲಿ ಸೂಜಿ. ಹೋಟೆಲಿನವರೇ ತೋರಿಸಲೆಂದು ಕೂರಿಸಿದ್ದಾರೆ ಎಂದುಕೊಂಡರು. ಸುತ್ತ ನಿಂತು ಫೋಟೋ ತೆಗೆದರು. ಎಷ್ಟು ಚೆಂದದ ವ್ಯವಸ್ಥೆ ಎಂದು ಮೆಚ್ಚಿಕೊಂಡರು. ಕೆಲಸದವರು ಇದು ವಿನ್ಯಾಸಗಾರ್ತಿಯ ಏರ್ಪಾಡು ಎಂದುಕೊಂಡು ಮಧ್ಯೆ ಬಾಯಿ ಹಾಕಲಿಲ್ಲ. ಅಡುಗೆಮನೆಯವರು ಇವಳ ಊಟ ಕೆಲಸದವರ ಪಟ್ಟಿಯಲ್ಲಿ ಇರುತ್ತದೆ ಎಂದುಕೊಂಡರು. ಕೆಲಸದವರ ಊಟ ನೋಡುವವನು ಇವಳು ಅತಿಥಿಗಳ ಕಡೆಯವಳು ಎಂದುಕೊಂಡ. ಎಲ್ಲರೂ ಅವಳನ್ನು ಕಂಡರು. ಅವಳು ಯಾರ ಪೈಕಿ ಎಂದು ಮಾತ್ರ ಒಬ್ಬರಿಗೂ ತಿಳಿಯಲಿಲ್ಲ.

ಹೊಲಿಯುತ್ತ ಹೊಲಿಯುತ್ತ ಮುದುಕಿಯ ಕೈ ಕೊನೆಯ ಮೂಲೆಗೆ ಬಂತು. ಒತ್ತಿ ನೋಡಿದಳು. ನಲವತ್ತು ಕೋಣೆಯವರನ್ನು ನಂಬಿಸಿದ ಮೂಲೆ ಅವಳ ಬೆರಳನ್ನು ನಂಬಿಸಲಿಲ್ಲ. ಬಿಚ್ಚಿದಳು. ಒಳಗೆ ಬಟ್ಟೆ. ಇದು ಹೇಗೆ ಆಯಿತು, ಯಾರು ಹೀಗೆ ಮಾಡಿದರು ಎಂದು ತಿರುಗಿಸಿ ತಿರುಗಿಸಿ ನೋಡಿದಳು. ಕೇಳೋಣವೆಂದರೆ ಸುತ್ತಲಿನವರ ಮಾತು ಅವಳಿಗೆ ಬರದು. ತನ್ನ ಬುತ್ತಿ ಬಿಚ್ಚಿದಳು. ಒಳಗಿದ್ದದ್ದು ಒಂದೇ ರೊಟ್ಟಿ. ಮುರಿದು ಅರ್ಧವನ್ನು ಕೌದಿಯ ಮೂಲೆಯಲ್ಲಿಟ್ಟಳು. ಇನ್ನರ್ಧ ಕೈಯಲ್ಲಿ ಉಳಿಯಿತು.

ಆ ಅರ್ಧವನ್ನು ಅವಳು ತಿನ್ನುವಂತಿಲ್ಲ. ಮನೆಯವರು ಕೈಗೆ ಇಡಬೇಕು. ಮನೆಯವರು ಯಾರು? ಸುತ್ತ ನೋಡಿದಳು. ಅಷ್ಟು ದೊಡ್ಡ ಮನೆ, ಅಷ್ಟೊಂದು ಜನ, ಮನೆಯವರು ಯಾರೂ ಕಾಣಲಿಲ್ಲ. ರೊಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾದಳು. ಮಧ್ಯಾಹ್ನವಾಯಿತು, ಹೊತ್ತು ಇಳಿಯಿತು.

ಸಂಜೆ ಸಭೆ ಮುಗಿಸಿ ವಿನ್ಯಾಸಗಾರ್ತಿ ಬಂದಳು. ಮುದುಕಿಯನ್ನು ಕಂಡು ಓಡಿ ಬಂದು ಕೈ ಹಿಡಿದುಕೊಂಡಳು.

“ಅಜ್ಜಿ, ನೀವಾ? ಯಾವಾಗ ಬಂದ್ರಿ?”

“ಮುಂಜಾನೆ ಬಂದೆ ತಂಗಿ. ಈ ಕೌದಿ ಹಸದಿತ್ತು. ನನ್ನ ಬುತ್ತಿಯೊಳಗಿಂದ ಅರ್ಧಾ ಇಟ್ಟೇನಿ.”

ವಿನ್ಯಾಸಗಾರ್ತಿಯ ಮುಖ ಸಪ್ಪೆಯಾಯಿತು. ಇರುವೆ ಬಂದದ್ದು, ವ್ಯಾಪಾರಿ ಹೇಳಿದ್ದು, ತಾನು ಎರಡು ದಿನ ಯೋಚಿಸಿದ್ದು, ಬಟ್ಟೆ ಇಡಿಸಿದ್ದು, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಹೇಳುತ್ತ ಅತ್ತಳು. ಸುಳ್ಳು ಅಳು ಅಲ್ಲ ಅದು. ಮುದುಕಿ ಎಲ್ಲವನ್ನೂ ಕೇಳಿದಳು. ಅವಳಿಗೆ ಸಿಟ್ಟು ಬರಲಿಲ್ಲ, ತಿಳಿಯಲೂ ಇಲ್ಲ.

“ಇರುವಿ ಬಂದ್ರ ಬರ್ಲಿ ಬಿಡು ತಂಗಿ. ಅವೂ ಹಸದ ಬಂದಿರ್ತಾವ” ಎಂದಳು.

ಕೈಯಲ್ಲಿದ್ದ ಅರ್ಧ ರೊಟ್ಟಿಯನ್ನು ಒಂದು ಗಳಿಗೆ ನೋಡಿದಳು. ಮತ್ತೆ ಬಟ್ಟೆಯಲ್ಲಿ ಕಟ್ಟಿಕೊಂಡು ಎದ್ದಳು. ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ವಿನ್ಯಾಸಗಾರ್ತಿ ಕಾರು ತರಿಸಿದಳು, ಬಾಗಿಲು ತೆಗೆದು ತಾನೇ ಕೂರಿಸಿದಳು, ಕೈ ಮುಗಿದಳು. ಮೂಲೆಯನ್ನು ಹೊಲಿದಿರಲಿಲ್ಲ. ಕೌದಿ ಕಟ್ಟೆಯ ಮೇಲೆ ಬಾಯಿ ತೆರೆದುಕೊಂಡೇ ಬಿದ್ದಿತ್ತು.

ಮುಂದಿನ ವಾರ ಆ ವಿನ್ಯಾಸಗಾರ್ತಿ ಇಲ್ಲಿಗೆ ಬಂದಳು. ನೀನು ಈಗ ಕೂತಿರುವಲ್ಲೇ ಕೂತಳು. ನೀನು ಕೇಳಿದ್ದನ್ನೇ ಕೇಳಿದಳು. ಉಳಿಸಿದೆನೋ, ಅಳಿಸಿದೆನೋ? ಬಟ್ಟೆ ಇಟ್ಟದ್ದು ತಪ್ಪೋ? ಚೀಟಿಯನ್ನು ತೆಗೆಯಬೇಕೋ? ಕೆಡದಂಥ ರೊಟ್ಟಿ ಮಾಡಿಸಬಹುದೋ? ತುಂಬ ಹೊತ್ತು ಮಾತಾಡಿದಳು. ಮಾತಿನ ನಡುವೆ ಒಮ್ಮೆ, ಮುದುಕಿ ಅರ್ಧ ರೊಟ್ಟಿ ಕಟ್ಟಿಕೊಂಡು ಹೋದಳು, ಉಂಡು ಮಿಕ್ಕಿದ್ದಿರಬೇಕು ಎಂದಳು. ಹೇಳಿ ಮುಂದಕ್ಕೆ ಹೋದಳು. ನಾನು, ಹೊತ್ತಾಗಿದೆ, ಉಂಡು ಹೋಗವ್ವ ಎಂದೆ.

ದಾಸೋಹದಲ್ಲಿ ಎಲೆಯ ಮುಂದೆ ಕೂತಳು. ಬಡಿಸುವವರು ರೊಟ್ಟಿ ಹಾಕಿದರು. ಎತ್ತಿಕೊಂಡು ಎರಡು ತುಂಡು ಮಾಡಿದಳು. ಮಾಡಿದವಳು ಕೈಯಲ್ಲಿನ ಅರ್ಧವನ್ನು ನೋಡುತ್ತ ಹಾಗೇ ಕೂತುಬಿಟ್ಟಳು. ಪಂಕ್ತಿಯವರು ಉಂಡು ಎದ್ದರೂ ಅವಳು ಬಾಯಿಗೆ ತುತ್ತಿಡಲಿಲ್ಲ. ಆ ಅರ್ಧವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಯಾರಿಗೂ ಹೇಳದೆ, ಮುದುಕಿಯ ಊರಿನ ಬಸ್ಸು ಹತ್ತಿದಳು.

ಗುರುಗಳು ಕತೆ ನಿಲ್ಲಿಸಿದರು.

ಮುರಿಗೆಯ್ಯ ಇನ್ನೂ ಮುಂದಿದೆ ಎಂದು ಕಾದ. ಇಲ್ಲವೆಂದು ತಿಳಿದ ಮೇಲೆ ಹಣೆ ಉಜ್ಜಿಕೊಂಡ. ಕೈಯಲ್ಲಿದ್ದ ನಕ್ಷೆಯನ್ನು ಮತ್ತೆ ನೆಲದ ಮೇಲೆ ಹರಡಿದ. ಅವನ ಗೊಂದಲ ಒಂದಕ್ಕೆರಡಾಗಿತ್ತು.

“ಅಜ್ಜಾರೇ, ಕತೆ ಮನಸ್ಸಿಗೆ ತಟ್ಟಿತು. ಆದರೆ ನನ್ನ ಬಾಗಿಲುಗಳದ್ದು ಇನ್ನೂ ತಿಳಿಯಲಿಲ್ಲ. ಇದ್ದವನ್ನೇ ಬಿಚ್ಚಿ ತರಲೋ, ಹೊಸವು ಮಾಡಿಸಲೋ?”

ಗುರುಗಳು ಕಿಟಕಿಯಿಂದ ಹೊರಗೆ ನೋಡಿದರು. ಬಿಸಿಲು ಅಂಗಳ ದಾಟಿ ಕಟ್ಟೆಯ ಮೇಲೆ ಬಂದಿತ್ತು. ದಾಸೋಹದಲ್ಲಿ ಕೊನೆಯ ಪಂಕ್ತಿ ಎದ್ದು, ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

“ಮುರಿಗೆಯ್ಯಾ, ಬೆಳಿಗ್ಗೆ ಕಟ್ಟೆಯ ಮೇಲೆ ಕೂರಿಸಿ ಬಂದೆಯಲ್ಲ ಆ ಬಡಗಿ, ಅವನ ಊಟವಾಯಿತೇ?”